ಒಂದು ಟೈಪ್, ಮೂರು ಹೆಸರು

ಕಂದಾಯದ ಲೆಕ್ಕದಲ್ಲಿ ಜಮೀನಿನ ಬಗೆಗಳು ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಮಳೆ ನಂಬಿಕೊಂಡದ್ದು ಖುಷ್ಕಿ, ನೀರು ಕಟ್ಟಿ ಬೆಳೆಯುವುದು ತರಿ, ತೋಟದ್ದು ಬಾಗಾಯ್ತು. ರೈತರ ಬೆಳೆ ವಿವರ ಬರೆದಿಡುವ ಒಂದು ಪುಟ್ಟ ಪ್ರೋಗ್ರಾಮ್ ಮಾಡಲು ಕೂತಿದ್ದೀರಿ ಅನ್ನಿ. ಫಂಕ್ಷನಲ್ ಭಾಷೆಯಲ್ಲಿ ಅದರ ಮೊದಲ ಸಾಲು ಬರೆಯುವುದೇ ಒಂದು ಸಂತೋಷ:

ಟೈಪ್ ಜಮೀನು = ಖುಷ್ಕಿ | ತರಿ | ಬಾಗಾಯ್ತು

ಹೀಗೆ ಬೆರಳೆಣಿಸಿ ಮುಗಿಸಬಹುದಾದ ಟೈಪಿಗೆ ಎನಮ್ ಎನ್ನುತ್ತಾರೆ. ಅದರೊಳಗಿನ ಒಂದೊಂದಕ್ಕೂ ವೇರಿಯಂಟ್ ಎಂದು ಹೆಸರು. ಜಮೀನು ಎಂಬ ಟೈಪಿನ ಯಾವುದೇ ಮೌಲ್ಯ ಈ ಮೂರರಲ್ಲಿ ಒಂದಾಗಿರಲೇಬೇಕು. ಕೈತಪ್ಪಿ ಹೊಡೆದ ಅಕ್ಷರ, ಖಾಲಿ ಸ್ಟ್ರಿಂಗ್, ಇನ್ನೆಲ್ಲಿಂದಲೋ ಬಂದ ಅಂಕಿ, ಯಾವುದೂ ಅದರೊಳಗೆ ನುಸುಳುವುದಿಲ್ಲ.

ಕೋಡನ್ನು ಇಲ್ಲಿ ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಬರೆಯುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕಾಗುತ್ತದೆ, ಅದಕ್ಕೊಂದು ಕಾರಣವಿದೆ. ಫಂಕ್ಷನಲ್ ಭಾಷೆಗಳಾದ ಎಲ್ಮ್ ಆಗಲಿ ಹ್ಯಾಸ್ಕೆಲ್ ಆಗಲಿ, ವೇರಿಯಂಟಿನ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು ಎನ್ನುತ್ತವೆ. ಕನ್ನಡ ಲಿಪಿಗೆ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಹಾಗಾಗಿ ‘ಖುಷ್ಕಿ’ ಎಂದು ಕನ್ನಡದಲ್ಲೇ ಬರೆದರೆ ಕಂಪೈಲರ್ ಅದನ್ನು ವೇರಿಯಂಟ್ ಎಂದು ಒಪ್ಪಿಕೊಳ್ಳುವುದಿಲ್ಲ.

ಪ್ರೋಗ್ರಾಮಿನ ಒಳಗಿರುವವರೆಗೆ ಈ ಟೈಪು ಭದ್ರ. ತೊಂದರೆ ಶುರುವಾಗುವುದು ಹೊಸ್ತಿಲಲ್ಲಿ. ಮಾಹಿತಿ ಸರ್ವರಿಗೆ ಹೋಗಬೇಕು, ಡೇಟಾಬೇಸಿನಲ್ಲಿ ಕೂರಬೇಕು, ನಾಳೆ ಅಲ್ಲಿಂದ ವಾಪಸ್ ಬರಬೇಕು. ಹೊರಗಿನ ಲೋಕಕ್ಕೆ ನಿಮ್ಮ ಟೈಪು ಗೊತ್ತಿಲ್ಲ. ಅಲ್ಲಿ ಓಡಾಡುವುದು ಜೇಸನ್ ಎಂಬ ಪಠ್ಯರೂಪ, ಅದರೊಳಗೆ ಸ್ಟ್ರಿಂಗ್ ಮತ್ತು ಅಂಕಿ. ಆದ್ದರಿಂದ ಹೊರಗೆ ಕಳಿಸುವಾಗ ವೇರಿಯಂಟನ್ನು ಸ್ಟ್ರಿಂಗ್ ಮಾಡುವ ಎನ್‌ಕೋಡರ್ ಬೇಕು, ಒಳಗೆ ತೆಗೆದುಕೊಳ್ಳುವಾಗ ಸ್ಟ್ರಿಂಗನ್ನು ವೇರಿಯಂಟ್ ಮಾಡುವ ಡಿಕೋಡರ್ ಬೇಕು. ಇದು ಹೊಸ ಕಾಟವೇನಲ್ಲ. ನಿಕ್ಲಾಸ್ ವಿರ್ತ್ 1970ರಲ್ಲಿ ಹೊರತಂದ ಪ್ಯಾಸ್ಕಲ್ ಭಾಷೆಯಲ್ಲಿ ಎನಮ್ ಇತ್ತು. ಆದರೆ ಆ ಭಾಷೆಯ ಓದು, ಬರೆ ಆಜ್ಞೆಗಳಿಂದ ಎನಮ್ ಮೌಲ್ಯವನ್ನು ನೇರವಾಗಿ ಪಠ್ಯದ ಫೈಲಿಗೆ ಬರೆಯಲು ಬರುತ್ತಿರಲಿಲ್ಲ. ಪ್ರೋಗ್ರಾಮರ್ ತಾನೇ ಒಂದೊಂದು ಹೆಸರನ್ನೂ ಸ್ಟ್ರಿಂಗಿಗೆ ಹೊಂದಿಸಿ ಬರೆಯಬೇಕಿತ್ತು. ನಾವು ಇವತ್ತು ಮಾಡುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ.

ಎಲ್ಮ್ ಭಾಷೆಯನ್ನು ಉದಾಹರಣೆಯಾಗಿ ಹಿಡಿದುಕೊಳ್ಳುತ್ತೇನೆ. ಇವಾನ್ ಚಾಪ್ಲಿಟ್ಸ್ಕಿ 2012ರಲ್ಲಿ ತಮ್ಮ ಪದವಿ ಪ್ರಬಂಧವಾಗಿ ಶುರುಮಾಡಿದ, ಬ್ರೌಸರಿಗಾಗಿಯೇ ಇರುವ ಭಾಷೆ ಇದು. ಇಲ್ಲಿ ಎನ್‌ಕೋಡರ್, ಡಿಕೋಡರ್‌ಗಳನ್ನು ಕಂಪೈಲರ್ ತಾನಾಗಿ ಹುಟ್ಟಿಸಿಕೊಡುವುದಿಲ್ಲ, ಕೈಯಿಂದಲೇ ಬರೆಯಬೇಕು. ಬೇಸರದ ಕೆಲಸ ಎಂದು ಹಲವರು ದೂರುತ್ತಾರೆ. ಎಲ್ಲವೂ ಬಯಲಲ್ಲಿ ಇರುವುದರಿಂದ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಎನ್‌ಕೋಡರ್ ಹೀಗಿರುತ್ತದೆ:

ಸ್ಟ್ರಿಂಗಿಗೆ ಜಮೀನು =
  ಕೇಸ್ ಜಮೀನು ಆಫ್
    ಖುಷ್ಕಿ -> "ಖುಷ್ಕಿ"
    ತರಿ -> "ತರಿ"
    ಬಾಗಾಯ್ತು -> "ಬಾಗಾಯ್ತು"

ಡಿಕೋಡರ್ ಇದರ ಕನ್ನಡಿ:

ಸ್ಟ್ರಿಂಗಿನಿಂದ ಪಠ್ಯ =
  ಕೇಸ್ ಪಠ್ಯ ಆಫ್
    "ಖುಷ್ಕಿ" -> ಸಿಕ್ಕಿತು ಖುಷ್ಕಿ
    "ತರಿ" -> ಸಿಕ್ಕಿತು ತರಿ
    "ಬಾಗಾಯ್ತು" -> ಸಿಕ್ಕಿತು ಬಾಗಾಯ್ತು
    _ -> ಸಿಗಲಿಲ್ಲ

ನೋಡಲು ಎರಡೂ ಒಂದೇ ತಕ್ಕಡಿಯ ಎರಡು ತಟ್ಟೆಯಂತೆ ಕಾಣುತ್ತವೆ. ಆದರೆ ಒಂದು ಸಾಲು ಹೆಚ್ಚಿದೆ, ಆ ಕೊನೆಯ ಅಡಿಗೆರೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದರಲ್ಲಿ ಅರ್ಧ ಆ ಒಂದು ಸಾಲಿನಲ್ಲೇ ಇದೆ.

ವೇರಿಯಂಟುಗಳು ಮೂರೇ. ಆದ್ದರಿಂದ ಮೊದಲ ಫಂಕ್ಷನ್ ಮೂರಕ್ಕೂ ಉತ್ತರ ಕೊಟ್ಟಿದೆಯೇ ಎಂದು ಕಂಪೈಲರ್ ಲೆಕ್ಕ ಹಾಕಬಲ್ಲದು. ಸ್ಟ್ರಿಂಗುಗಳಿಗೆ ಲೆಕ್ಕವೇ ಇಲ್ಲ. ಎಷ್ಟು ಬರೆದರೂ ಮುಗಿಯದ್ದರಿಂದ ‘ಮಿಕ್ಕಿದ್ದೆಲ್ಲ’ ಎಂಬ ಅಡಿಗೆರೆಯ ಸಾಲು ಬೇಕೇಬೇಕು. ಆ ಸಾಲು ಬಂದ ಕೂಡಲೇ ಕಂಪೈಲರಿನ ಪಾಲಿಗೆ ಕೆಲಸ ಮುಗಿಯಿತು. ಮೇಲೆ ಮೂರು ಸಾಲು ಇದ್ದರೂ ಸರಿ, ಎರಡಿದ್ದರೂ ಸರಿ, ಒಂದೂ ಇಲ್ಲದಿದ್ದರೂ ಅದಕ್ಕೆ ಸರಿಯೇ.

ಈಗ ಟೈಪಿಗೆ ‘ಪ್ಲಾಂಟೇಶನ್’ ಸೇರಿಸಬೇಕಾಯಿತು ಅನ್ನಿ. ಟೈಪಿನ ಸಾಲಿಗೆ ಒಂದು ಪದ ಹಾಕುತ್ತೀರಿ. ಎಲ್ಮ್ ಕಂಪೈಲರ್ ತಕ್ಷಣ ಎನ್‌ಕೋಡರನ್ನು ತೋರಿಸಿ, ಇಲ್ಲಿ ಪ್ಲಾಂಟೇಶನ್‌ಗೆ ಉತ್ತರ ಇಲ್ಲ ಎಂದು ಹೆಸರು ಹಿಡಿದು ಹೇಳುತ್ತದೆ. ಬಣ್ಣ ಆರಿಸುವ ಫಂಕ್ಷನ್, ಕಂದಾಯ ಲೆಕ್ಕ ಹಾಕುವ ಫಂಕ್ಷನ್, ಎಲ್ಲವನ್ನೂ ಒಂದೊಂದಾಗಿ ತೋರಿಸುತ್ತದೆ. ನೀವು ಎಲ್ಲ ಸರಿಪಡಿಸಿ ನಿಟ್ಟುಸಿರು ಬಿಡುತ್ತೀರಿ. ಡಿಕೋಡರಿನ ಹೆಸರನ್ನು ಮಾತ್ರ ಅದು ಎತ್ತಲೇ ಇಲ್ಲ. ಮೊದಲ ರೈತ ತನ್ನ ಜಮೀನನ್ನು ಪ್ಲಾಂಟೇಶನ್ ಎಂದು ದಾಖಲಿಸುತ್ತಾನೆ, ಅದು ಸರ್ವರಿಗೆ ಸರಿಯಾಗಿಯೇ ಹೋಗುತ್ತದೆ. ಮರುದಿನ ಅವನು ಪುಟ ತೆರೆದರೆ ತನ್ನದೇ ದಾಖಲೆ ಓದಲು ಬರುವುದಿಲ್ಲ. ಬರೆಯಲು ಬರುತ್ತದೆ, ಓದಲು ಬರುವುದಿಲ್ಲ. ಇದು ಕಂಪೈಲ್ ಆದ, ಟೈಪು ಪರೀಕ್ಷೆ ಪಾಸಾದ ಪ್ರೋಗ್ರಾಮ್ ಎಂಬುದನ್ನು ಮರೆಯಬೇಡಿ.

ಇದಕ್ಕೆ ಮೊದಲು ಹೊಳೆಯುವ ಪರಿಹಾರ ಒಂದು ಪಟ್ಟಿ. ವೇರಿಯಂಟ್ ಮತ್ತು ಸ್ಟ್ರಿಂಗ್ ಜೋಡಿಗಳನ್ನು ಒಂದೇ ಕಡೆ ಬರೆದಿಟ್ಟು, ಎನ್‌ಕೋಡರ್ ಎಡದಿಂದ ಬಲಕ್ಕೆ, ಡಿಕೋಡರ್ ಬಲದಿಂದ ಎಡಕ್ಕೆ ಹುಡುಕುವುದು. ಹೆಸರು ಒಂದೇ ಕಡೆ ಇರುವುದರಿಂದ ಎರಡೂ ಬೇರೆಬೇರೆಯಾಗುವ ಭಯವಿಲ್ಲ. ನಾನೂ ಬಹಳ ಕಾಲ ಹೀಗೆಯೇ ಬರೆಯುತ್ತಿದ್ದೆ, ಈಗ ಬಿಟ್ಟಿದ್ದೇನೆ. ಪಟ್ಟಿಯಲ್ಲಿ ಹುಡುಕಿದರೆ ಸಿಗದೆಯೂ ಇರಬಹುದು. ಹಾಗಾಗಿ ಎನ್‌ಕೋಡರ್ ಕೂಡ ‘ಸಿಕ್ಕಿತು, ಸಿಗಲಿಲ್ಲ’ ಎಂಬ ಅನುಮಾನದ ಉತ್ತರ ಕೊಡಲು ಶುರುಮಾಡುತ್ತದೆ. ಎಂದೂ ತಪ್ಪದೆ ಉತ್ತರ ಕೊಡುತ್ತಿದ್ದ ಫಂಕ್ಷನನ್ನು ನಾವೇ ಕೆಡಿಸಿದಂತಾಯಿತು. ಪ್ಲಾಂಟೇಶನ್ ಸೇರಿಸಿದಾಗ ಕಂಪೈಲರ್ ಈಗ ಎನ್‌ಕೋಡರಿನ ಬಗ್ಗೆಯೂ ಮೌನ. ಇದ್ದ ಒಬ್ಬ ಕಾವಲುಗಾರನನ್ನೂ ಮನೆಗೆ ಕಳಿಸಿದ ಹಾಗೆ.

ಹೆಚ್ಚು ಗಟ್ಟಿಯಾದ ದಾರಿ ಹೀಗಿದೆ. ಎನ್‌ಕೋಡರನ್ನು ಮೇಲಿನಂತೆ ಕೇಸ್ ಹಾಕಿಯೇ ಬರೆಯಿರಿ, ಅದನ್ನು ಕಂಪೈಲರ್ ಕಾಯಲಿ. ಡಿಕೋಡರನ್ನು ಬರೆಯಲೇಬೇಡಿ, ಎನ್‌ಕೋಡರಿನಿಂದ ಹುಟ್ಟಿಸಿ. ಎಲ್ಲ ವೇರಿಯಂಟುಗಳ ಒಂದು ಪಟ್ಟಿ ಇಟ್ಟುಕೊಂಡು, ಬಂದ ಸ್ಟ್ರಿಂಗಿಗೆ ಯಾವ ವೇರಿಯಂಟಿನ ಸ್ಟ್ರಿಂಗ್ ಹೊಂದುತ್ತದೆ ಎಂದು ಒಂದೊಂದಾಗಿ ನೋಡಿದರೆ ಆಯಿತು:

ಎಲ್ಲ = [ ಖುಷ್ಕಿ, ತರಿ, ಬಾಗಾಯ್ತು ]

ಸ್ಟ್ರಿಂಗಿನಿಂದ ಪಠ್ಯ =
  ಎಲ್ಲದರಲ್ಲಿ ಹುಡುಕು (ಸ್ಟ್ರಿಂಗಿಗೆ ಜಮೀನು == ಪಠ್ಯ)

ಸ್ಟ್ರಿಂಗುಗಳು ಈಗ ಇಡೀ ಪ್ರೋಗ್ರಾಮಿನಲ್ಲಿ ಒಂದೇ ಸಲ ಬರುತ್ತವೆ. ಪ್ರತಿ ಸಲ ಪಟ್ಟಿ ಪೂರ್ತಿ ಹುಡುಕುವುದು ನಿಧಾನವಲ್ಲವೇ ಎಂದು ಕೇಳಬಹುದು. ಮೂರೋ ಮೂವತ್ತೋ ಇರುವ ಪಟ್ಟಿಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.

ಉಳಿದ ಬಿರುಕು ಒಂದೇ: ‘ಎಲ್ಲ’ ಎಂಬ ಪಟ್ಟಿಗೆ ಹೊಸ ವೇರಿಯಂಟ್ ಸೇರಿಸಲು ಮರೆತರೆ? ಹ್ಯಾಸ್ಕೆಲ್‌ನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಟೈಪಿನ ಕೆಳಗೆ ‘ಡಿರೈವಿಂಗ್’ ಎಂದು ಬರೆದು ಎನಮ್, ಬೌಂಡೆಡ್ ಎಂಬ ಎರಡು ಹೆಸರು ಹಾಕಿದರೆ ಮೊದಲ ವೇರಿಯಂಟಿನಿಂದ ಕೊನೆಯದರವರೆಗಿನ ಪಟ್ಟಿ ಕಂಪೈಲರಿನಿಂದಲೇ ಸಿಗುತ್ತದೆ. ನಾಳೆ ನಾಲ್ಕನೆಯದು ಸೇರಿದರೆ ಪಟ್ಟಿಗೂ ತಾನಾಗಿ ಸೇರುತ್ತದೆ. ಎಲ್ಮ್‌ನಲ್ಲಿ ಈ ಸೌಲಭ್ಯ ಇಲ್ಲ. ಅಲ್ಲಿನವರು ಕಂಡುಕೊಂಡಿರುವ ಒಂದು ಉಪಾಯ ನನಗೆ ತುಂಬ ಇಷ್ಟ. ಪಟ್ಟಿಯನ್ನು ನೇರವಾಗಿ ಬರೆಯದೆ, ‘ಇದಾದ ಮೇಲೆ ಯಾವುದು’ ಎಂದು ಹೇಳುವ ಫಂಕ್ಷನ್ ಬರೆಯುತ್ತಾರೆ:

ಮುಂದಿನದು ಜಮೀನು =
  ಕೇಸ್ ಜಮೀನು ಆಫ್
    ಖುಷ್ಕಿ -> ಸಿಕ್ಕಿತು ತರಿ
    ತರಿ -> ಸಿಕ್ಕಿತು ಬಾಗಾಯ್ತು
    ಬಾಗಾಯ್ತು -> ಸಿಗಲಿಲ್ಲ

ಖುಷ್ಕಿಯಿಂದ ಹೊರಟು, ಸಿಗಲಿಲ್ಲ ಎನ್ನುವವರೆಗೆ ಮುಂದಿನದನ್ನು ಕೇಳುತ್ತ ಹೋದರೆ ಪಟ್ಟಿ ಸಿದ್ಧ. ಪ್ಲಾಂಟೇಶನ್ ಸೇರಿಸಿದ ಕೂಡಲೇ ಕಂಪೈಲರ್ ನಿಮ್ಮನ್ನು ಈ ಫಂಕ್ಷನ್ ಮುಂದೆ ತಂದು ನಿಲ್ಲಿಸುತ್ತದೆ. ಇಷ್ಟಾಗಿಯೂ ‘ಪ್ಲಾಂಟೇಶನ್ -> ಸಿಗಲಿಲ್ಲ’ ಎಂದು ಮಾತ್ರ ಬರೆದು, ಬಾಗಾಯ್ತಿನ ಸಾಲನ್ನು ಬದಲಿಸದೆ ಬಿಟ್ಟರೆ ಸರಪಳಿ ಅಲ್ಲಿಗೇ ಕಡಿಯುತ್ತದೆ. ಪೂರ್ತಿ ರಕ್ಷಣೆ ಇದಲ್ಲ. ಆದರೆ ಸರಿಯಾದ ಹೊತ್ತಿಗೆ ಸರಿಯಾದ ಸಾಲಿನ ಮುಂದೆ ನಮ್ಮನ್ನು ಕೂರಿಸುತ್ತದೆ, ಅದು ಸಣ್ಣ ಉಪಕಾರವಲ್ಲ.

ಇದರ ಮೇಲೊಂದು ಪರೀಕ್ಷೆ ಬರೆಯಿರಿ. ‘ಎಲ್ಲ’ ಪಟ್ಟಿಯ ಒಂದೊಂದನ್ನೂ ಎನ್‌ಕೋಡ್ ಮಾಡಿ, ಡಿಕೋಡ್ ಮಾಡಿ, ಹೋದದ್ದೇ ವಾಪಸ್ ಬಂತೇ ಎಂದು ನೋಡುವುದು. ಬೇರೆ ಟೈಪುಗಳಿಗೆ ಇಂಥ ಪರೀಕ್ಷೆ ಮಾಡಲು ಕ್ವಿಕ್‌ಚೆಕ್‌ನಂಥ ಸಲಕರಣೆ ಬೇಕು. ಕೋಯೆನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ 2000ದಲ್ಲಿ ಹ್ಯಾಸ್ಕೆಲ್‌ಗಾಗಿ ಪ್ರಕಟಿಸಿದ ಆ ಸಲಕರಣೆ ಸಿಕ್ಕಾಬಟ್ಟೆ ಮಾದರಿಗಳನ್ನು ಹುಟ್ಟಿಸಿ ಪರೀಕ್ಷಿಸುತ್ತದೆ. ಎನಮ್‌ಗೆ ಅದರ ಹಂಗಿಲ್ಲ. ಇರುವುದೇ ಮೂರು ಮೌಲ್ಯ, ಮೂರನ್ನೂ ನೋಡಿದರೆ ಪರೀಕ್ಷೆಯೇ ಪುರಾವೆಯಾಗುತ್ತದೆ. ನಕಲು ಮಾಡುವಾಗ ಕೈತಪ್ಪಿ ತರಿಗೂ ಬಾಗಾಯ್ತಿಗೂ ಒಂದೇ ಸ್ಟ್ರಿಂಗ್ ಕೊಟ್ಟಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಕಂಪೈಲರಿಗೆ ಆ ತಪ್ಪು ಎಂದೂ ಕಾಣದು.

ಇನ್ನು ಹೆಸರುಗಳ ವಿಷಯ. ಲೇಖನದ ಶೀರ್ಷಿಕೆ ಬಂದದ್ದು ಇಲ್ಲಿಂದ. ಮೇಲಿನ ಉದಾಹರಣೆಯಲ್ಲಿ ವೇರಿಯಂಟಿನ ಹೆಸರು, ಸ್ಟ್ರಿಂಗಿನ ಹೆಸರು ಎರಡೂ ಒಂದೇ. ಪರದೆಯ ಮೇಲೆ ರೈತನಿಗೆ ತೋರಿಸುವುದೂ ಅದೇ ಪದ. ಒಂದೇ ಪದ ಮೂರು ಕಡೆ ದುಡಿಯುತ್ತಿರುವಾಗ ಅದನ್ನು ಮೂರು ಬೇರೆ ಹೆಸರು ಎಂದು ನೋಡುವುದು ಕಷ್ಟ. ಆದರೆ ಅವು ನಿಜಕ್ಕೂ ಬೇರೆಬೇರೆ. ಪ್ರೋಗ್ರಾಮಿನೊಳಗಿನ ಹೆಸರು ಪ್ರೋಗ್ರಾಮರುಗಳದ್ದು, ಅವರಿಗೆ ಬೇಕೆನಿಸಿದಾಗ ಬದಲಿಸಬಹುದು. ಪರದೆಯ ಹೆಸರು ಓದುವವರದ್ದು, ಊರು ಬದಲಾದರೆ, ಭಾಷೆ ಬದಲಾದರೆ ಬದಲಾಗಬೇಕು. ತಂತಿಯ ಮೇಲೆ ಸರ್ವರಿಗೆ ಹೋಗುವ ಸ್ಟ್ರಿಂಗಿನ ಹೆಸರು ಮಾತ್ರ ಯಾರೊಬ್ಬರದ್ದೂ ಅಲ್ಲ. ಅದು ನಿನ್ನೆ ಬರೆದಿಟ್ಟ ಲಕ್ಷ ದಾಖಲೆಗಳಿಗೂ ನಾಳೆ ಓದುವ ಪ್ರೋಗ್ರಾಮಿಗೂ ಆದ ಒಪ್ಪಂದ. ಅದನ್ನು ಮುಟ್ಟಬಾರದು.

ಈ ಭೇದ ಮರೆತರೆ ಏನಾಗುತ್ತದೆ ಎಂಬುದು ನನಗೆ ಅನುಭವದಿಂದ ಗೊತ್ತು. ವೇರಿಯಂಟಿನ ಹೆಸರಲ್ಲಿ ಒಂದು ಕಾಗುಣಿತದ ತಪ್ಪಿತ್ತು, ಕಣ್ಣಿಗೆ ಚುಚ್ಚುತ್ತಿತ್ತು, ಸರಿಪಡಿಸಿದೆ. ಎಲ್ಲ ಕಡೆ ಹೆಸರು ಬದಲಾಯಿತು, ಕಂಪೈಲ್ ಆಯಿತು. ಆ ಪ್ರೋಗ್ರಾಮಿನಲ್ಲಿ ಫೈಲಿಗೆ ಬರೆಯುವ, ಓದುವ ಕೋಡನ್ನು ಕಂಪೈಲರೇ ವೇರಿಯಂಟಿನ ಹೆಸರಿನಿಂದ ಹುಟ್ಟಿಸುತ್ತಿತ್ತು. ಹಾಗಾಗಿ ಹಿಂದೆ ಉಳಿಸಿದ್ದ ಫೈಲುಗಳಲ್ಲಿ ಒಂದೂ ತೆರೆಯಲಿಲ್ಲ. ತಪ್ಪು ಕಾಗುಣಿತವೇ ಸರಿಯಾದ ಹೆಸರಾಗಿ ಹೋಗಿತ್ತು.

ಹ್ಯಾಸ್ಕೆಲ್‌ನಲ್ಲಿ ಜೇಸನ್‌ಗೆ ಎಲ್ಲರೂ ಬಳಸುವ ಲೈಬ್ರರಿಯ ಹೆಸರು ಏಸನ್. ಗ್ರೀಕ್ ಪುರಾಣದಲ್ಲಿ ಜೇಸನ್ ಎಂಬ ವೀರನ ತಂದೆಯ ಹೆಸರು ಅದು. ಟೈಪಿನ ವ್ಯಾಖ್ಯಾನ ನೋಡಿ ಎನ್‌ಕೋಡರ್, ಡಿಕೋಡರ್ ಎರಡನ್ನೂ ಅದು ತಾನೇ ಮಾಡಿಕೊಡಬಲ್ಲದು. ವೇರಿಯಂಟಿನ ಹೆಸರೇ ಜೇಸನ್‌ನ ಸ್ಟ್ರಿಂಗ್ ಆಗುತ್ತದೆ. ಬೇಕಾದರೆ ಹೆಸರನ್ನು ಮಾರ್ಪಡಿಸುವ ಒಂದು ಫಂಕ್ಷನ್ ಕೊಡಬಹುದು, ದೊಡ್ಡಕ್ಷರವನ್ನು ಚಿಕ್ಕದು ಮಾಡು ಎಂಬಂತೆ. ಎರಡೂ ಕಡೆ ಒಂದೇ ಮೂಲದಿಂದ ಬರುವುದರಿಂದ ಡಿಕೋಡರ್ ಮರೆತುಹೋಗುವ ಮಾತೇ ಇಲ್ಲ. ಬದಲಿಗೆ ಒಳಗಿನ ಹೆಸರನ್ನೂ ತಂತಿಯ ಹೆಸರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದಂತಾಗುತ್ತದೆ. ಪರ್ಸಿಸ್ಟೆಂಟ್ ಎಂಬ ಡೇಟಾಬೇಸ್ ಲೈಬ್ರರಿಯಲ್ಲೂ ಇಂಥದೇ ಒಂದು ಸೌಕರ್ಯವಿದೆ. ಶೋ ಎಂಬ ಫಂಕ್ಷನ್ ಕೊಡುವ ಪಠ್ಯವನ್ನೇ ಅದು ಡೇಟಾಬೇಸಿನ ಅಂಕಣದಲ್ಲಿ ಬರೆದಿಡುತ್ತದೆ. ಸಂಜೆಯೊಳಗೆ ಮುಗಿಸಬೇಕಾದ ಪ್ರಯೋಗಕ್ಕೆ ಇವೆಲ್ಲ ಒಳ್ಳೆಯವು. ವರ್ಷಗಟ್ಟಲೆ ಉಳಿಯುವ ದಾಖಲೆಗೆ ನಾನು ಸ್ಟ್ರಿಂಗನ್ನು ಕೈಯಿಂದಲೇ ಬರೆಯುತ್ತೇನೆ.

ಸ್ಟ್ರಿಂಗಿನ ಬದಲು ಕ್ರಮಸಂಖ್ಯೆ ಕಳಿಸಿದರೆ ಇನ್ನೂ ಅಪಾಯ. ಖುಷ್ಕಿ 0, ತರಿ 1, ಬಾಗಾಯ್ತು 2. ಯಾರೋ ಅಚ್ಚುಕಟ್ಟಾಗಲಿ ಎಂದು ಪ್ಲಾಂಟೇಶನ್ ಅನ್ನು ತರಿ, ಬಾಗಾಯ್ತುಗಳ ನಡುವೆ ಸೇರಿಸಿದರೆ ಹಳೆಯ ಬಾಗಾಯ್ತುಗಳೆಲ್ಲ ಸದ್ದಿಲ್ಲದೆ ಪ್ಲಾಂಟೇಶನ್ ಆಗುತ್ತವೆ. ಹೆಸರು ತಪ್ಪಿದರೆ ಡಿಕೋಡರ್ ಕೂಗಿ ಹೇಳುತ್ತದೆ. ಅಂಕಿ ತಪ್ಪಿದರೆ ಯಾರೂ ಕೂಗುವುದಿಲ್ಲ. ಎಲ್ಮ್-ಸೀರಿಯಲೈಸ್ ಎಂಬ ಲೈಬ್ರರಿ ಎನಮ್ ಅನ್ನು ಪಟ್ಟಿಯಲ್ಲಿನ ಸ್ಥಾನದಿಂದಲೇ ಗುರುತಿಸುತ್ತದೆ. ಹೊಸದನ್ನು ಕೊನೆಯಲ್ಲಿ ಮಾತ್ರ ಸೇರಿಸಿ ಎಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಗೂಗಲ್‌ನ ಪ್ರೋಟೊಬಫ್ ಕೂಡ ಅಂಕಿಯನ್ನೇ ಕಳಿಸುತ್ತದೆ, ಆದರೆ ಅಲ್ಲಿ ಒಂದೊಂದು ವೇರಿಯಂಟಿನ ಎದುರೂ ಅಂಕಿಯನ್ನು ಕೈಯಾರೆ ಬರೆಯಬೇಕು. ಕಿತ್ತುಹಾಕಿದ ಅಂಕಿಯನ್ನು ಮತ್ತೆ ಯಾರೂ ಬಳಸದಂತೆ ಕಾಯ್ದಿರಿಸುವ ವ್ಯವಸ್ಥೆಯೂ ಇದೆ. ಅಂಕಿ ಬಳಸಲೇಬೇಕಾದರೆ ಅದು ಸರಿಯಾದ ಕ್ರಮ.

ಹಾಗಾದರೆ ಪರದೆಯ ಮೇಲಿನ ಕನ್ನಡ ಪದವನ್ನೇ ತಂತಿಯ ಹೆಸರಾಗಿ ಕಳಿಸಬಹುದೇ? ಕನ್ನಡದ ಮೇಲಿನ ಪ್ರೀತಿಯಿಂದಲೇ ಹೇಳುತ್ತೇನೆ, ಬೇಡ. ಮೊದಲನೆಯದಾಗಿ ಕಾಗುಣಿತ. ಬಾಗಾಯ್ತು, ಬಾಗಾಯಿತು, ಬಾಗಾಯತ್, ಮೂರೂ ರೂಪಗಳು ಓಡಾಡುತ್ತವೆ. ಎರಡನೆಯದು ಕಣ್ಣಿಗೆ ಕಾಣದ ತೊಡಕು. ‘ತೋಟ’ ಎಂಬ ಪದವನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಓಕಾರದ ಚಿಹ್ನೆಗೆ ತನ್ನದೇ ಒಂದು ಸಂಕೇತವಿದೆ. ಹಾಗೆ ಬರೆದರೆ ಪದ 3 ಸಂಕೇತಗಳಷ್ಟು ಉದ್ದ. ಅದೇ ಚಿಹ್ನೆಯನ್ನು ಎಕಾರದ ಎತ್ವ, ಊಕಾರದ ಕೊಂಬಿನ ಇಳಿ, ದೀರ್ಘದ ಗುರುತು ಎಂದು ಬಿಡಿಸಿಯೂ ಬರೆಯಬಹುದು. ಆಗ ಪದ 5 ಸಂಕೇತ. ಪರದೆಯ ಮೇಲೆ ಎರಡೂ ಒಂದೇ ಥರ, ಎರಡೂ ಅಪ್ಪಟ ‘ತೋಟ’. ಆದರೆ ಎರಡು ಸ್ಟ್ರಿಂಗುಗಳು ಸಮವೇ ಎಂದು ಪ್ರೋಗ್ರಾಮನ್ನು ಕೇಳಿದರೆ ಅಲ್ಲ ಎನ್ನುತ್ತದೆ, ಮೊದಲೇ ಎರಡನ್ನೂ ಒಂದೇ ರೂಪಕ್ಕೆ ತಂದು ನಾರ್ಮಲೈಸ್ ಮಾಡಿರದಿದ್ದರೆ. ‘ಸಾಫ್ಟ್‌ವೇರ್’ನಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ನಡುವೆ ಕೂರುವ, ಕಣ್ಣಿಗೆ ಬೀಳದ ಬೇರ್ಪಡಿಕೆಯ ಸಂಕೇತದ್ದು ಇನ್ನೊಂದು ಕಥೆ. ನಾರ್ಮಲೈಸ್ ಮಾಡಿದರೂ ಅದು ಹೋಗುವುದಿಲ್ಲ. ಡಿಕೋಡರ್ ವಿಫಲವಾದಾಗ ದೋಷದ ಸಂದೇಶದಲ್ಲಿ ‘ತೋಟ ಬೇಕಿತ್ತು, ತೋಟ ಬಂದಿದೆ’ ಎಂದು ನೋಡುವ ಪಾಡು ಯಾರಿಗೂ ಬೇಡ. ತಂತಿಗೆ ಸರಳ ಇಂಗ್ಲಿಷ್ ಚಿಕ್ಕಕ್ಷರದ ಒಂದು ಸ್ಥಿರ ಪದ, ಪರದೆಗೆ ಶುದ್ಧ ಕನ್ನಡ. ಎರಡನ್ನೂ ಬೇರ್ಪಡಿಸಿದಾಗ ಕನ್ನಡಕ್ಕೇ ಹೆಚ್ಚು ಸ್ವಾತಂತ್ರ್ಯ. ‘ಬಾಗಾಯ್ತು’ ಬದಲು ‘ತೋಟದ ಜಮೀನು’ ಎಂದು ತೋರಿಸೋಣ ಎಂದು ನಾಳೆ ಅನ್ನಿಸಿದರೆ ಒಂದು ಸಾಲು ಬದಲಿಸಿದರೆ ಸಾಕು, ಡೇಟಾಬೇಸ್ ಕದಲುವುದಿಲ್ಲ.

ಇವನ್ನೆಲ್ಲ ಯಾವ ಫೈಲಿನಲ್ಲಿ ಇಡಬೇಕು?

ಹೊಸಬರು ಸಾಮಾನ್ಯವಾಗಿ ಕೆಲಸದ ಬಗೆ ನೋಡಿ ಫೈಲು ಮಾಡುತ್ತಾರೆ. ಟೈಪುಗಳೆಲ್ಲ ಒಂದರಲ್ಲಿ, ಎನ್‌ಕೋಡರ್‌ಗಳೆಲ್ಲ ಇನ್ನೊಂದರಲ್ಲಿ, ಡಿಕೋಡರ್‌ಗಳೆಲ್ಲ ಮತ್ತೊಂದರಲ್ಲಿ. ಅಡುಗೆಮನೆಯಲ್ಲಿ ಮುಚ್ಚಳಗಳನ್ನೆಲ್ಲ ಒಂದು ಕಪಾಟಿಗೂ ಪಾತ್ರೆಗಳನ್ನೆಲ್ಲ ಇನ್ನೊಂದಕ್ಕೂ ತುಂಬಿದ ಹಾಗೆ. ನೋಡಲು ಚೆಂದ, ಪ್ರತಿ ಸಲ ಎರಡು ಬಾಗಿಲು ತೆಗೆಯಬೇಕು. ಪ್ಲಾಂಟೇಶನ್ ಸೇರಿಸಲು ಮೂರು ಫೈಲು ತೆರೆಯಬೇಕು, ಮೂರನೆಯದನ್ನೇ ಮರೆಯುವುದು. ಚಾಪ್ಲಿಟ್ಸ್ಕಿ 2017ರಲ್ಲಿ ಎಲ್ಮ್ ಯುರೋಪ್ ಸಮ್ಮೇಳನದಲ್ಲಿ ಮಾಡಿದ ಫೈಲಿನ ಬದುಕಿನ ಕುರಿತ ಭಾಷಣದಲ್ಲಿ ಇದಕ್ಕೆ ತಿರುವು ಕೊಟ್ಟರು. ಫೈಲು ಉದ್ದವಾಯಿತೆಂದು ಹೆದರಿ ಒಡೆಯಬೇಡಿ, ಒಂದು ಟೈಪಿನ ಸುತ್ತ ಫೈಲು ಕಟ್ಟಿ ಎಂಬುದು ಅದರ ತಾತ್ಪರ್ಯ. ಎನಮ್ ವಿಷಯದಲ್ಲಿ ಇದು ಇನ್ನಷ್ಟು ನಿಜ. ‘ಜಮೀನು’ ಎಂಬ ಒಂದು ಮಾಡ್ಯೂಲ್, ಅದರಲ್ಲಿ ಟೈಪು, ‘ಎಲ್ಲ’ ಪಟ್ಟಿ, ಎನ್‌ಕೋಡರ್, ಡಿಕೋಡರ್. ಬೇರೆ ಫೈಲಿನಿಂದ ಕರೆಯುವಾಗ ‘ಜಮೀನು.ಡಿಕೋಡರ್’ ಎಂದರೆ ಸಾಕು. ‘ಜಮೀನಿನ ಬಗೆಯ ಡಿಕೋಡರ್’ ಎಂಬಂಥ ಉದ್ದುದ್ದ ಫಂಕ್ಷನ್ ಹೆಸರುಗಳೆಲ್ಲ ಬೇಡವಾಗುತ್ತವೆ.

ಮಾಡ್ಯೂಲು ಹೊರಗೆ ಏನನ್ನು ತೋರಿಸಬೇಕು ಎಂಬುದೂ ಮುಖ್ಯ. ವೇರಿಯಂಟುಗಳನ್ನು ತೋರಿಸಬೇಕು, ಹೊರಗಿನವರು ಕೇಸ್ ಹಾಕಿ ಬಿಡಿಸಲಿ ಎಂದೇ ಎನಮ್ ಇರುವುದು. ‘ಸ್ಟ್ರಿಂಗಿಗೆ’ ಎಂಬ ಫಂಕ್ಷನನ್ನು ಮಾತ್ರ ಒಳಗೇ ಇಟ್ಟುಕೊಳ್ಳಿ. ಅದು ಹೊರಗೆ ಸಿಕ್ಕರೆ ಯಾರೋ ಒಬ್ಬರು ಅವಸರದಲ್ಲಿ ಸ್ಟ್ರಿಂಗ್ ಹೋಲಿಸಿ ನಿರ್ಧಾರ ಮಾಡುತ್ತಾರೆ, ಇನ್ನೊಬ್ಬರು ಅದನ್ನೇ ಪರದೆಗೆ ಹಾಕುತ್ತಾರೆ. ಮೂರು ಹೆಸರುಗಳು ಮತ್ತೆ ಒಂದಾಗಿಬಿಡುತ್ತವೆ. ಪರದೆಯ ಹೆಸರನ್ನು ನಾನು ಈ ಫೈಲಿನಲ್ಲಿ ಇಡುವುದಿಲ್ಲ, ಅನುವಾದಗಳ ಫೈಲಿಗೆ ಕಳಿಸುತ್ತೇನೆ. ಅಲ್ಲಿ ಭಾಷೆಯೂ ಒಂದು ಎನಮ್. ಭಾಷೆ, ಜಮೀನು ಎರಡನ್ನೂ ಕೊಟ್ಟರೆ ಪದ ಕೊಡುವ ಫಂಕ್ಷನ್ ಬರೆದರಾಯಿತು. ಒಂದು ಪದ ಬಿಟ್ಟುಹೋದರೂ ಕಂಪೈಲರ್ ಹೇಳುತ್ತದೆ, ಹಾಗಾಗಿ ದೂರ ಇಟ್ಟರೆ ನಷ್ಟವಿಲ್ಲ.

ಪ್ರತಿ ಎನಮ್‌ಗೂ ಒಂದು ಫೈಲೇ ಎಂದು ಕೇಳಿದರೆ, ಅಲ್ಲ. ಒಂದೇ ದಾಖಲೆಯ ಒಳಗೆ ಬಳಕೆಯಾಗುವ ಸಣ್ಣ ಎನಮ್ ಆ ದಾಖಲೆಯ ಫೈಲಿನಲ್ಲೇ ಇರಲಿ. ಎರಡನೆಯ ಮಾಡ್ಯೂಲಿಗೆ ಬೇಕಾದ ದಿನ ಅದು ಸ್ವಂತ ಮನೆ ಮಾಡುತ್ತದೆ. ಎಲ್ಮ್‌ನಲ್ಲಿ ಎರಡು ಮಾಡ್ಯೂಲುಗಳು ಪರಸ್ಪರ ಒಂದನ್ನೊಂದು ಕರೆಯುವಂತಿಲ್ಲ. ಹಾಗೆ ಸುತ್ತು ಬಿದ್ದಾಗ ಹೊರಗೆ ತೆಗೆಯಬೇಕಾದದ್ದು ಬಹಳ ಸಲ ಇಂಥದೊಂದು ಎನಮ್ಮೇ ಆಗಿರುತ್ತದೆ.

ಹ್ಯಾಸ್ಕೆಲ್‌ನಲ್ಲಿ ಈ ವ್ಯವಸ್ಥೆಗೆ ಭಾಷೆಯದೇ ಒತ್ತಾಸೆ ಇದೆ. ಅಲ್ಲಿ ಎನ್‌ಕೋಡರ್ ಎಂಬುದು ಟೈಪ್‌ಕ್ಲಾಸಿನ ಇನ್‌ಸ್ಟನ್ಸ್, ಅಂದರೆ ಕ್ಲಾಸು ಕೇಳುವ ಫಂಕ್ಷನ್ನನ್ನು ಒಂದು ಟೈಪಿಗೆ ಬರೆದುಕೊಟ್ಟದ್ದು. ಅದನ್ನು ಟೈಪಿರುವ ಫೈಲಿನಲ್ಲೋ ಕ್ಲಾಸಿರುವ ಫೈಲಿನಲ್ಲೋ ಬರೆಯದೆ ಮೂರನೆಯ ಕಡೆ ಬರೆದರೆ ಅದನ್ನು ಅನಾಥ ಇನ್‌ಸ್ಟನ್ಸ್ ಎನ್ನುತ್ತಾರೆ, ಎಚ್ಚರಿಕೆ ಆನ್ ಮಾಡಿದ್ದರೆ ಕಂಪೈಲರೂ ಗೊಣಗುತ್ತದೆ. ಕಾರಣ ಸರಿಯಾದದ್ದೇ. ಇಬ್ಬರು ಎರಡು ಕಡೆ ಬೇರೆಬೇರೆ ಇನ್‌ಸ್ಟನ್ಸ್ ಬರೆದರೆ ಯಾವುದು ನಿಜ ಎಂಬ ಜಗಳ. ಆದರೆ ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ಮೂಲ ಟೈಪುಗಳ ಹಗುರ ಪ್ಯಾಕೇಜಿಗೆ ಜೇಸನ್, ಡೇಟಾಬೇಸ್ ಲೈಬ್ರರಿಗಳ ಭಾರವೆಲ್ಲ ಯಾಕೆ ಅಂಟಬೇಕು? ಹೊರಗಿನ ಎರಡು ವ್ಯವಸ್ಥೆಗಳು ಎರಡು ಬೇರೆ ಹೆಸರು ಕೇಳಿದರೆ ಏನು ಮಾಡುವುದು? ಆಗ ನ್ಯೂಟೈಪ್ ಎಂಬ ತೆಳುವಾದ ಹೊದಿಕೆ ಕೆಲಸಕ್ಕೆ ಬರುತ್ತದೆ. ಒಳಗಿನ ಟೈಪು ಒಂದೇ, ಒಂದೊಂದು ಹೊಸ್ತಿಲಿಗೂ ಒಂದು ಹೊದಿಕೆ, ಹೊದಿಕೆಗೆ ತಕ್ಕ ಇನ್‌ಸ್ಟನ್ಸ್. ಎಲ್ಮ್‌ನಲ್ಲಿ ಎನ್‌ಕೋಡರ್ ಬರಿಯ ಫಂಕ್ಷನ್ ಆದ್ದರಿಂದ ಇಷ್ಟು ಸುತ್ತಬೇಕಿಲ್ಲ. ಎರಡನೆಯ ವ್ಯವಸ್ಥೆಗೆ ಎರಡನೆಯ ಫಂಕ್ಷನ್, ಮುಗಿಯಿತು.

ಹ್ಯಾಸ್ಕೆಲ್ ಬಳಸುವವರಿಗೆ ಇನ್ನೊಂದು ಮಾತು. ಕೇಸ್‌ನಲ್ಲಿ ಒಂದು ವೇರಿಯಂಟ್ ಬಿಟ್ಟುಹೋದರೆ ಎಲ್ಮ್ ಕಂಪೈಲ್ ಮಾಡಲು ಒಪ್ಪುವುದೇ ಇಲ್ಲ. ಹ್ಯಾಸ್ಕೆಲ್‌ನಲ್ಲಿ ಅದು ಬರಿಯ ಎಚ್ಚರಿಕೆ, ಅದೂ ನೀವಾಗಿ ಕೇಳಿಕೊಂಡರೆ ಮಾತ್ರ. ಎಚ್ಚರಿಕೆಗಳನ್ನು ಆನ್ ಮಾಡಿ, ಅವನ್ನು ದೋಷವೆಂದೇ ಪರಿಗಣಿಸುವಂತೆ ಹೇಳಿ. ಇಲ್ಲದಿದ್ದರೆ ಮೇಲೆ ಹೇಳಿದ ಕಾವಲೆಲ್ಲ ಕಾಗದದ ಮೇಲಷ್ಟೇ. ಎರಡೂ ಭಾಷೆಯವರು ಒಂದು ಚಟ ಬಿಡಬೇಕು: ಮೂರು ವೇರಿಯಂಟಿನ ಕೇಸ್‌ನಲ್ಲಿ ಎರಡು ಬರೆದು ಮಿಕ್ಕಿದ್ದಕ್ಕೆ ಅಡಿಗೆರೆ ಹಾಕುವುದು. ಸ್ಟ್ರಿಂಗ್ ಓದುವಾಗ ಅಡಿಗೆರೆ ಅನಿವಾರ್ಯ. ಸ್ವಂತ ಎನಮ್ ಬಿಡಿಸುವಾಗ ಅದು, ನಾಳೆ ಬರುವ ವೇರಿಯಂಟಿಗೆ ಇವತ್ತೇ ಕುರುಡಾಗಿ ಉತ್ತರ ಕೊಟ್ಟಂತೆ.

ಕೊನೆಯದಾಗಿ, ಗೊತ್ತಿಲ್ಲದ ಹೆಸರು ಬಂದಾಗ ಏನು ಮಾಡಬೇಕು. ಎಲ್ಮ್‌ನ ಜೇಸನ್ ಡಿಕೋಡರಿನಲ್ಲಿ ಪಟ್ಟಿಯ ಒಂದು ಅಂಶ ವಿಫಲವಾದರೆ ಇಡೀ ಪಟ್ಟಿ ವಿಫಲ. ಇನ್ನೂರು ಜಮೀನುಗಳಲ್ಲಿ ಒಂದು ಪ್ಲಾಂಟೇಶನ್ ಇದ್ದರೆ, ಹಳೆಯ ಪ್ರೋಗ್ರಾಮ್ ಇಟ್ಟುಕೊಂಡವರಿಗೆ ಇನ್ನೂರೂ ಕಾಣುವುದಿಲ್ಲ. ಕೆಲವರು ಟೈಪಿಗೇ ‘ಗೊತ್ತಿಲ್ಲ’ ಎಂಬ ವೇರಿಯಂಟ್ ಸೇರಿಸಿ, ಬಂದ ಸ್ಟ್ರಿಂಗನ್ನು ಅದರೊಳಗೆ ಇಟ್ಟುಕೊಳ್ಳುತ್ತಾರೆ. ಬೇರೆಯವರ ಸರ್ವರಿನಿಂದ ಓದುತ್ತಿದ್ದರೆ, ಅವರು ಯಾವಾಗ ಏನು ಸೇರಿಸುತ್ತಾರೋ ತಿಳಿಯದಿದ್ದರೆ, ನಾನೂ ಹಾಗೆಯೇ ಮಾಡುತ್ತೇನೆ. ಸ್ವಂತ ಸರ್ವರ್ ಆದರೆ ಬೇಡ. ‘ಗೊತ್ತಿಲ್ಲ’ ಒಳಗೆ ಬಂದಮೇಲೆ ಕಂದಾಯ ಲೆಕ್ಕ ಹಾಕುವ ಫಂಕ್ಷನ್ ಕೂಡ ಗೊತ್ತಿಲ್ಲದ ಜಮೀನಿಗೆ ಎಷ್ಟು ಎಂದು ಉತ್ತರಿಸಬೇಕಾಗುತ್ತದೆ. ಅದರ ಬದಲು ಬಿಡುಗಡೆಯ ಕ್ರಮ ನೋಡಿಕೊಳ್ಳಿ. ಮೊದಲು ಓದುವವರೆಲ್ಲರಿಗೂ ಹೊಸ ಹೆಸರು ಕಲಿಸಿ, ಅದು ಎಲ್ಲ ಕಡೆ ತಲುಪಿದ ಮೇಲೆ ಬರೆಯುವವರಿಗೆ ಬರೆಯಲು ಬಿಡಿ. ಯಾವುದನ್ನೇ ಆರಿಸಿದರೂ, ಡಿಕೋಡರ್ ವಿಫಲವಾದಾಗ ಬಂದ ಸ್ಟ್ರಿಂಗ್ ಯಾವುದು, ಒಪ್ಪುವ ಸ್ಟ್ರಿಂಗುಗಳು ಯಾವುವು ಎಂಬುದನ್ನು ದೋಷದ ಸಂದೇಶದಲ್ಲಿ ಬರೆಯಿರಿ. ‘ಎಲ್ಲ’ ಪಟ್ಟಿ ಕೈಯಲ್ಲೇ ಇರುವುದರಿಂದ ಅದಕ್ಕೆ ಖರ್ಚಿಲ್ಲ.

ತೆಗೆದುಹಾಕುವಾಗ ಕ್ರಮ ತಿರುವುಮುರುವು. ಮೊದಲು ಬರೆಯುವುದನ್ನು ನಿಲ್ಲಿಸಬೇಕು, ಉಳಿದ ಹಳೆಯ ದಾಖಲೆಗಳನ್ನು ಬದಲಿಸಬೇಕು, ಆಮೇಲಷ್ಟೇ ಟೈಪಿನಿಂದ ಕೀಳಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಎನಮ್ ಬಳಸಿದ್ದರೆ ಇಲ್ಲೊಂದು ಗಂಟು ಇದೆ. ಅದಕ್ಕೆ ಹೊಸ ಹೆಸರು ಸೇರಿಸಬಹುದು, 2017ರ 10ನೇ ಆವೃತ್ತಿಯಿಂದ ಹೆಸರು ಬದಲಿಸಲೂಬಹುದು, ಒಂದು ಹೆಸರನ್ನು ನೇರವಾಗಿ ಕೀಳುವ ಆಜ್ಞೆ ಮಾತ್ರ ಇಲ್ಲ. ಬರಿಯ ಪಠ್ಯದ ಅಂಕಣ ಇಟ್ಟು, ಒಪ್ಪುವ ಹೆಸರುಗಳನ್ನು ಒಂದು ಷರತ್ತಿನಲ್ಲಿ ಬರೆಯುವುದು 3–4 ವೇರಿಯಂಟಿನ ಟೈಪಿಗೆ ಸಾಕಾಗುತ್ತದೆ.

ತಂತಿಯ ಹೆಸರನ್ನು ಬದಲಿಸಲೇಬೇಕಾದ ದಿನವೂ ಬರಬಹುದು. ಆಗ ಡಿಕೋಡರ್ ಎನ್‌ಕೋಡರಿನ ನೇರ ಕನ್ನಡಿಯಾಗಿ ಉಳಿಯುವುದಿಲ್ಲ. ಅದರ ಪಕ್ಕ ಹಳೆಯ ಹೆಸರುಗಳ ಒಂದು ಸಣ್ಣ ಪಟ್ಟಿ ಇಟ್ಟು, ಮೊದಲ ಹುಡುಕಾಟದಲ್ಲಿ ಸಿಗದಿದ್ದರೆ ಅಲ್ಲಿ ನೋಡು ಎಂದು ಬರೆಯುತ್ತೇನೆ. ಓದುವಾಗ ಹಳೆಯದು ಹೊಸದು ಎರಡೂ ಒಪ್ಪಿಗೆ, ಬರೆಯುವಾಗ ಹೊಸದೊಂದೇ. ಹೋಗಿ ವಾಪಸ್ ಬರುವ ಪರೀಕ್ಷೆ ಆಗಲೂ ಹಾಗೆಯೇ ಪಾಸಾಗುತ್ತದೆ. ಹಳೆಯ ಹೆಸರಿನ ಎದುರು, ಅದನ್ನು ಯಾವ ದಿನದಿಂದ ಬರೆಯುವುದು ನಿಲ್ಲಿಸಿದೆವು ಎಂದು ಒಂದು ಕಾಮೆಂಟ್ ಹಾಕಿಟ್ಟರೆ, ಮುಂದೆ ಆ ಫೈಲು ತೆರೆಯುವವರು ಆ ಸಾಲನ್ನು ಯಾವಾಗ ಅಳಿಸಬಹುದೆಂದು ತಾವೇ ತೀರ್ಮಾನಿಸುತ್ತಾರೆ.